ಪಾಠದ ವಿಡಿಯೊಗೆ ತರಗತಿಯ ಸದ್ದು ಮರಳಿದಾಗ

ಬೋಧನಾಭ್ಯಾಸದ ಅವಧಿಯಲ್ಲಿ ನಾವು ಈಗ ಪಾಠ ಯೋಜನೆಯ ಜೊತೆಗೆ ಪಾಠದ ವಿಡಿಯೊವನ್ನೂ ಒಪ್ಪಿಸುತ್ತಿದ್ದೇವೆ. ಪಾಠ ಯೋಜನೆ ಬರೆಯಲು ನಮೂನೆ ಇದೆ. ಪ್ರಶ್ನಿಸುವ ಕೌಶಲ, ಪುನರ್ಬಲನ, ಕಪ್ಪುಹಲಗೆಯ ಬಳಕೆ ಇವೆಲ್ಲಕ್ಕೂ ಅವಲೋಕನ ಪಟ್ಟಿಗಳಿವೆ. ವಿಡಿಯೊ ಹೇಗಿರಬೇಕು ಎಂಬುದನ್ನು ಮಾತ್ರ ನಾವು ಮೊಬೈಲಿನಲ್ಲಿ ನೋಡಿದ ಬೇರೆ ವಿಡಿಯೊಗಳಿಂದಲೇ ಕಲಿತಿದ್ದೇವೆ. ಹಿನ್ನೆಲೆಯಲ್ಲಿ ಸಣ್ಣಗೆ ಸಂಗೀತ, ಅದರ ಮೇಲೆ ಯಾರೋ ಒಬ್ಬರ ಸ್ಪಷ್ಟವಾದ ವಿವರಣೆ, ಪರದೆಯ ಮೇಲೆ ಮಕ್ಕಳ ನಗುಮುಖ. ಇಂಥ ವಿಡಿಯೊದಲ್ಲಿ ತರಗತಿ ಕಾಣುತ್ತದೆ, ಕೇಳಿಸುವುದಿಲ್ಲ.

ನಮ್ಮ ಗುಂಪಿನ ಒಂದು ವಿಡಿಯೊಗೆ ಅದರ ಮೂಲ ಸದ್ದನ್ನು ಮತ್ತೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಇದು ಕಂಪ್ಯೂಟರಿನ ಮುಂದೆ ಕುಳಿತು ಮುಗಿಸುವ ತಾಂತ್ರಿಕ ಕೆಲಸ ಎಂದುಕೊಂಡು ಆರಂಭಿಸಿದೆ. ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ನಮ್ಮ ಅವಲೋಕನ ಪಟ್ಟಿಯಲ್ಲಿದ್ದ ಒಂದು ಸಾಲು ಬದಲಾಗಬೇಕಾಯಿತು. ಆ ಕೆಲಸವನ್ನು ಹೇಗೆ ಮಾಡಿದೆವು, ಅದರಿಂದ ಏನು ತಿಳಿಯಿತು ಎಂಬುದನ್ನು ಮುಂದಿನ ತಂಡದವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಪಾಠ ನಡೆದದ್ದು ಮಂಡಿಕಲ್ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ, ಎಂಟನೆಯ ತರಗತಿಗೆ. ವಿಷಯ ವಿಜ್ಞಾನ, ಘಟಕ ‘ಶಬ್ದ’. ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ಒಂದು ತಂಡ. ಒಬ್ಬಳು ಪಾಠ ಮಾಡಿದಳು, ಒಬ್ಬರು ಹಿಂದಿನ ಗೋಡೆಯ ಬಳಿ ಕುಳಿತು ಸಹಪಾಠಿ ಅವಲೋಕನ ಬರೆದರು, ಒಬ್ಬರು ಚಿತ್ರೀಕರಣ ಮತ್ತು ಸಂಕಲನ ನೋಡಿಕೊಂಡರು. ನಾನು ಸಾಮಗ್ರಿಗಳ ಉಸ್ತುವಾರಿ: ಆರು ಗುಂಪಿಗೆ ಆರು ಸ್ಟೀಲ್ ತಟ್ಟೆ, ಚಮಚ, ನೀರು, ರಬ್ಬರ್ ಬ್ಯಾಂಡ್. ಒಂದು ಫೋನು ತರಗತಿಯ ಹಿಂಭಾಗದಲ್ಲಿ ಸ್ಟ್ಯಾಂಡಿನ ಮೇಲೆ ಇತ್ತು. ಗುಂಪು ಚಟುವಟಿಕೆಯ ಮಾತು ಅಷ್ಟು ದೂರಕ್ಕೆ ಕೇಳಿಸಲಾರದು ಎಂದು ನನ್ನ ಫೋನನ್ನು ಧ್ವನಿ ಮಾತ್ರ ದಾಖಲಾಗುವಂತೆ ಎರಡನೆಯ ಸಾಲಿನ ಒಂದು ಬೆಂಚಿನ ಮೇಲೆ ಇಟ್ಟಿದ್ದೆವು. ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಒಪ್ಪಿಗೆ ಎರಡೂ ಮೊದಲೇ ಆಗಿದ್ದವು.

40 ನಿಮಿಷದ ಪಾಠವನ್ನು ಕಾಲೇಜಿನ ವಿಜ್ಞಾನ ಸಂಘದ ಕಾರ್ಯಕ್ರಮಕ್ಕಾಗಿ 12 ನಿಮಿಷಕ್ಕೆ ಇಳಿಸಲಾಯಿತು. ತರಗತಿಯ ಸದ್ದಿನಲ್ಲಿ ಫ್ಯಾನಿನ ಗುಂಯ್‌ಗುಡುವಿಕೆ, ರಸ್ತೆಯಲ್ಲಿ ಹೋದ ಟ್ರ್ಯಾಕ್ಟರು, ಪಕ್ಕದ ಕೋಣೆಯ ಮಗ್ಗಿ ಎಲ್ಲ ಸೇರಿತ್ತು. ಆದ್ದರಿಂದ ಸಂಕಲನ ಮಾಡಿದ ಗೆಳೆಯರು ಮೂಲ ಧ್ವನಿಯನ್ನು ಬೇರ್ಪಡಿಸಿ ತೆಗೆದು, ವಿವರಣೆ ಮತ್ತು ಸಂಗೀತ ಹಾಕಿದರು. ಸಭೆಯಲ್ಲಿ ಕುಳಿತವರಿಗೆ ಪಾಠದ ಪರಿಚಯವಾಗಬೇಕಿತ್ತು. ಆ ಉದ್ದೇಶಕ್ಕೆ ಅದು ಸರಿಯಾಗಿಯೇ ಇತ್ತು. ಎಲ್ಲರೂ ಮೆಚ್ಚಿದರು.

ಎರಡು ವಾರದ ನಂತರ ಬೋಧನಾ ವಿಧಾನದ ಮೇಡಂ ಅದೇ ವಿಡಿಯೊವನ್ನು ಫ್ಲಾಂಡರ್ಸ್ ಅಂತಃಕ್ರಿಯಾ ವಿಶ್ಲೇಷಣೆಗೆ ತೆಗೆದುಕೊಳ್ಳೋಣ ಎಂದರು. ನೆಡ್ ಫ್ಲಾಂಡರ್ಸ್ ಅವರ ಪದ್ಧತಿಯಲ್ಲಿ 10 ವರ್ಗಗಳಿವೆ. ಮೊದಲ 7 ಶಿಕ್ಷಕರ ಮಾತಿಗೆ, 8 ಮತ್ತು 9 ವಿದ್ಯಾರ್ಥಿಗಳ ಮಾತಿಗೆ, 10ನೆಯದು ಮೌನ ಅಥವಾ ಗೊಂದಲಕ್ಕೆ. ಪ್ರತಿ 3 ಸೆಕೆಂಡಿಗೆ ಒಮ್ಮೆ ಆಗ ನಡೆಯುತ್ತಿರುವ ವರ್ತನೆಯ ಸಂಖ್ಯೆಯನ್ನು ಬರೆಯಬೇಕು. ಲೆಕ್ಕದ ಪ್ರಕಾರ 12 ನಿಮಿಷಕ್ಕೆ 240 ದಾಖಲೆಗಳು ಬರಬೇಕು. ವಿಡಿಯೊ ಹಾಕಿದೆವು. ಮೇಡಂ ಅರ್ಧ ನಿಮಿಷ ನೋಡಿ ನಿಲ್ಲಿಸಿದರು. “ಇಲ್ಲಿ ಮಾತಾಡ್ತಿರೋದು ಟೀಚರ್ ಅಲ್ಲ, ಮಕ್ಕಳೂ ಅಲ್ಲ. ಯಾವ ಕಾಲಂನಲ್ಲಿ ಬರೀತೀರಿ?” ಎಂದು ಕೇಳಿದರು. ಅದಕ್ಕೆ ಉತ್ತರ ಇರಲಿಲ್ಲ.

ಇಲ್ಲಿ ಒಂದು ತಾಂತ್ರಿಕ ಅಂಶವನ್ನು ಹೇಳಬೇಕು. ಸಿದ್ಧವಾಗಿ ಹೊರಬಂದ ವಿಡಿಯೊ ಫೈಲಿನಿಂದ ಮೂಲ ಸದ್ದನ್ನು ಹೊರತೆಗೆಯಲು ಆಗುವುದಿಲ್ಲ. ನಮ್ಮ ಫೈಲಿನಲ್ಲಂತೂ ಮಕ್ಕಳ ಧ್ವನಿ ಇರಲೇ ಇಲ್ಲ. ಇದ್ದಿದ್ದರೂ ವಿವರಣೆ ಮತ್ತು ಸಂಗೀತದೊಂದಿಗೆ ಬೆರೆತು ಹೋಗಿರುತ್ತಿತ್ತು. ಹಿಟ್ಟು ಮಾಡಿಸಿದ ಮೇಲೆ ರಾಗಿ ಕಾಳನ್ನು ಮರಳಿ ಪಡೆಯಲಾಗದ ಹಾಗೆ. ಆದರೆ ಸಂಕಲನ ತಂತ್ರಾಂಶದ ಪ್ರಾಜೆಕ್ಟ್ ಫೈಲು ಬೇರೆಯೇ ಬಗೆಯದು. ಅದರಲ್ಲಿ ಚಿತ್ರವೂ ಇರುವುದಿಲ್ಲ, ಧ್ವನಿಯೂ ಇರುವುದಿಲ್ಲ. ಯಾವ ಕ್ಲಿಪ್ಪಿನ ಎಷ್ಟನೆಯ ಸೆಕೆಂಡಿನಿಂದ ಎಷ್ಟನೆಯ ಸೆಕೆಂಡಿನವರೆಗೆ ಎಲ್ಲಿ ಇಡಬೇಕು ಎಂಬ ಸೂಚನೆಗಳಷ್ಟೇ ಇರುತ್ತವೆ. ಪ್ರಾಜೆಕ್ಟಿನಲ್ಲಿ ಧ್ವನಿಯನ್ನು ಅಳಿಸಿದರೂ ಫೋನಿನಿಂದ ನಕಲು ಮಾಡಿಕೊಂಡ ಮೂಲ ಕ್ಲಿಪ್ಪಿಗೆ ಏನೂ ಆಗಿರುವುದಿಲ್ಲ. ನಮ್ಮ ಗೆಳೆಯರು ಪ್ರಾಜೆಕ್ಟ್ ಫೈಲನ್ನೂ ಮೂಲ ಕ್ಲಿಪ್ಪುಗಳನ್ನೂ ಒಂದೇ ಫೋಲ್ಡರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದರಿಂದಲೇ ಮುಂದಿನ ಕೆಲಸ ಸಾಧ್ಯವಾಯಿತು.

ನಾವು ಬಳಸಿದ್ದು ಶಾಟ್‌ಕಟ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಧ್ವನಿಯನ್ನು ಬೇರ್ಪಡಿಸಿದಾಗ ಅದು ಬೇರೊಂದು ಪಟ್ಟಿಗೆ ಹೋಗುತ್ತದೆ, ಚಿತ್ರದ ಕ್ಲಿಪ್ಪಿನ ಧ್ವನಿ ಆಫ್ ಆಗುತ್ತದೆ. ಬೇರ್ಪಟ್ಟ ಪಟ್ಟಿಯನ್ನು ಅಳಿಸಿದ್ದರೂ ಚಿಂತೆಯಿಲ್ಲ. ಚಿತ್ರದ ಕ್ಲಿಪ್ಪನ್ನು ಆರಿಸಿಕೊಂಡು ಅದರ ಗುಣಲಕ್ಷಣಗಳಲ್ಲಿ ಧ್ವನಿ ಪಟ್ಟಿಯನ್ನು ಮತ್ತೆ ಆರಿಸಿದರೆ ಮೂಲ ಸದ್ದು ಅದೇ ಜಾಗದಲ್ಲಿ ಬಂದು ಕೂರುತ್ತದೆ. ಬೇರೆ ತಂತ್ರಾಂಶಗಳಲ್ಲಿ ಮೆನುಗಳ ಹೆಸರು ಬೇರೆ ಇರಬಹುದು, ತತ್ವ ಒಂದೇ. ಹಿಂಬದಿಯ ಫೋನಿನ ಧ್ವನಿ ಹೀಗೆ ಒಂದು ಗಂಟೆಯೊಳಗೆ ಮರಳಿತು.

ಬೆಂಚಿನ ಮೇಲಿದ್ದ ಎರಡನೆಯ ಫೋನಿನ ಧ್ವನಿಯನ್ನು ಹೊಂದಿಸುವುದಕ್ಕೆ ಹೆಚ್ಚು ಸಮಯ ಬೇಕಾಯಿತು. ಅದು ಚಿತ್ರದೊಂದಿಗೆ ಹುಟ್ಟಿದ್ದಲ್ಲ, ಬೇರೆ ಸಮಯಕ್ಕೆ ಆರಂಭವಾದ ಬೇರೆ ಫೈಲು. ಎರಡನ್ನೂ ಒಂದೇ ಗೆರೆಗೆ ತರಲು ಎರಡರಲ್ಲೂ ಸ್ಪಷ್ಟವಾಗಿ ಕೇಳುವ ಒಂದು ಸದ್ದು ಬೇಕು. ಸಿನಿಮಾದವರು ಕ್ಲ್ಯಾಪ್ ಬೋರ್ಡ್ ತಟ್ಟುವುದು ಇದಕ್ಕೇ. ನಮಗೆ ಪಾಠದ ಆರಂಭದಲ್ಲಿ ಶಿಕ್ಷಕಿ ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆದ ಸದ್ದು ಸಿಕ್ಕಿತು. ಧ್ವನಿಯ ಅಲೆಚಿತ್ರದಲ್ಲಿ ಅದು ಒಂದು ಚೂಪಾದ ಶಿಖರವಾಗಿ ಎದ್ದು ಕಾಣುತ್ತಿತ್ತು. ಎರಡೂ ಶಿಖರಗಳನ್ನು ಒಂದರ ಕೆಳಗೊಂದು ತಂದೆವು.

ತಟ್ಟೆಯಿಂದ ಹಿಂಬದಿಯ ಫೋನಿಗೆ ಸುಮಾರು 7 ಮೀಟರ್ ದೂರ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಆ ದೂರಕ್ಕೆ ಸುಮಾರು 0.02 ಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 30 ಚೌಕಟ್ಟುಗಳ ವಿಡಿಯೊದಲ್ಲಿ ಒಂದು ಚೌಕಟ್ಟಿನ ಅವಧಿ ಸುಮಾರು 0.033 ಸೆಕೆಂಡ್. ಅಂದರೆ ದೂರದಿಂದ ಆಗುವ ವ್ಯತ್ಯಾಸ ಒಂದು ಚೌಕಟ್ಟಿಗಿಂತ ಕಡಿಮೆ, ಕಣ್ಣಿಗೆ ತಿಳಿಯದು. ಆದರೆ ಪಾಠದ ಕೊನೆಯ ಭಾಗಕ್ಕೆ ಬರುವಾಗ ತುಟಿಯ ಚಲನೆಗೂ ಮಾತಿಗೂ ಹೊಂದಾಣಿಕೆ ತಪ್ಪಿತ್ತು. ಇದಕ್ಕೆ ಎರಡು ಕಾರಣಗಳಿರುತ್ತವೆ. ಎರಡು ಫೋನುಗಳ ಒಳಗಡಿಯಾರಗಳು ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಜೊತೆಗೆ ಎಷ್ಟೋ ಫೋನುಗಳು ಬೆಳಕು ಕಡಿಮೆಯಾದಾಗ ಚೌಕಟ್ಟುಗಳ ವೇಗವನ್ನು ತಾವಾಗಿಯೇ ಬದಲಿಸುತ್ತವೆ. ಆದ್ದರಿಂದ ಆರಂಭದಲ್ಲಿ ಹೊಂದಿಸಿ ಸುಮ್ಮನಾಗಬಾರದು. ಮಧ್ಯದಲ್ಲಿ ಮತ್ತು ಕೊನೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ನಾವು ಧ್ವನಿಯನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡನ್ನೂ ತಟ್ಟೆಯ ಒಂದೊಂದು ಸದ್ದಿಗೆ ಹೊಂದಿಸಿದೆವು. ಶಬ್ದದ ಪಾಠವಾದ್ದರಿಂದ ತಟ್ಟೆಯ ಸದ್ದಿಗೆ ಕೊರತೆ ಇರಲಿಲ್ಲ.

ಫ್ಯಾನಿನ ಸದ್ದನ್ನು ಕಡಿಮೆ ಮಾಡಲು ಆಡಾಸಿಟಿ ತಂತ್ರಾಂಶ ಬಳಸಿದೆವು. ಯಾರೂ ಮಾತಾಡದ ಒಂದೆರಡು ಸೆಕೆಂಡಿನ ಭಾಗವನ್ನು ಅದಕ್ಕೆ ಮಾದರಿಯಾಗಿ ಕೊಟ್ಟರೆ, ಅಂಥದೇ ಸದ್ದನ್ನು ಇಡೀ ಫೈಲಿನಲ್ಲಿ ತಗ್ಗಿಸುತ್ತದೆ. ಇಲ್ಲಿ ಕೈ ಬಿಗಿ ಹಿಡಿಯಬೇಕು. ಜೋರಾಗಿ ಪ್ರಯೋಗಿಸಿದಾಗ ಶಿಕ್ಷಕಿಯ ಧ್ವನಿ ಬಹಳ ಶುಭ್ರವಾಯಿತು, ಆದರೆ ಮಕ್ಕಳ ಪಿಸುಮಾತು ಫ್ಯಾನಿನ ಜೊತೆಗೇ ಹೊರಟುಹೋಯಿತು. ಮೆಲ್ಲಗೆ ಮಾತಾಡುವವರ ಧ್ವನಿ ಗದ್ದಲದ ಮಟ್ಟಕ್ಕೆ ಹತ್ತಿರವಿರುವುದರಿಂದ ತಂತ್ರಾಂಶಕ್ಕೆ ಎರಡೂ ಒಂದೇ. ಕೊನೆಗೆ ಫ್ಯಾನು ಸ್ವಲ್ಪ ಕೇಳಿಸಿದರೂ ಇರಲಿ ಎಂದು ತೀರ್ಮಾನಿಸಿದೆವು.

ಇಷ್ಟಾದ ಮೇಲೂ ಒಂದು ಸಮಸ್ಯೆ ಉಳಿಯಿತು. ಕತ್ತರಿಸಿ ತೆಗೆದ ಭಾಗಗಳಲ್ಲಿ ಚಿತ್ರವೇ ಇಲ್ಲದ ಮೇಲೆ ಸದ್ದು ಎಲ್ಲಿಗೆ ಬರಬೇಕು? ಹಾಗಾಗಿ ಮುಖ್ಯ ಚಟುವಟಿಕೆಯ ಭಾಗದಲ್ಲಿ ಕತ್ತರಿಗಳನ್ನೂ ಬಿಚ್ಚಿ, ಪಾಠ ನಡೆದ ಹಾಗೆಯೇ ಮತ್ತೆ ಇಟ್ಟೆವು. ನಾನು ಹೇಳಬೇಕೆಂದಿರುವುದು ಆರಂಭವಾಗುವುದು ಇಲ್ಲಿಂದ.

ಚಟುವಟಿಕೆ ಹೀಗಿತ್ತು. ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಅಂಚಿಗೆ ಚಮಚದಿಂದ ಹೊಡೆದರೆ ಸದ್ದು ಬರುತ್ತದೆ, ನೀರಿನಲ್ಲಿ ಸಣ್ಣ ಅಲೆಗಳೇಳುತ್ತವೆ. ತಟ್ಟೆಯನ್ನು ಕೈಯಿಂದ ಹಿಡಿದರೆ ಸದ್ದೂ ನಿಲ್ಲುತ್ತದೆ, ಅಲೆಯೂ ನಿಲ್ಲುತ್ತದೆ. ಶಿಕ್ಷಕಿ ಕೇಳಿದ ಪ್ರಶ್ನೆ: “ಮುಟ್ಟಿದ ಕೂಡಲೇ ಸದ್ದು ಯಾಕೆ ನಿಂತಿತು?” 12 ನಿಮಿಷದ ವಿಡಿಯೊದಲ್ಲಿ ಪ್ರಶ್ನೆಯ ಬೆನ್ನಿಗೇ ಒಬ್ಬ ಹುಡುಗಿ ಎದ್ದು ನಿಲ್ಲುತ್ತಾಳೆ. ವಿವರಣೆಯ ಧ್ವನಿ “ಕಂಪನ ನಿಂತಾಗ ಶಬ್ದವೂ ನಿಲ್ಲುತ್ತದೆ ಎಂದು ವಿದ್ಯಾರ್ಥಿನಿ ತಕ್ಷಣ ಉತ್ತರಿಸಿದಳು” ಎನ್ನುತ್ತದೆ.

ಮೂಲ ಕ್ಲಿಪ್ಪಿನಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ 6 ಸೆಕೆಂಡ್ ಇದೆ. ಶಿಕ್ಷಕಿ ಪ್ರಶ್ನೆಯನ್ನು ಮತ್ತೆ ಹೇಳಲಿಲ್ಲ, ಯಾರ ಹೆಸರನ್ನೂ ಕರೆಯಲಿಲ್ಲ, ಉತ್ತರದ ಸುಳಿವು ಕೊಡಲಿಲ್ಲ, ಕಾದಳು. ನೋಡುಗರಿಗೆ ಬೇಸರವಾಗದಿರಲಿ ಎಂದು ಆ 6 ಸೆಕೆಂಡನ್ನು ಕತ್ತರಿಸಲಾಗಿತ್ತು. ಅಮೆರಿಕದ ಮೇರಿ ಬಡ್ ರೋ ಅವರು ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ 1 ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ತೋರಿಸಿದ್ದರು. 1974ರಲ್ಲಿ ಪ್ರಕಟವಾದ ಅವರ ಬರಹ ಇಂದಿಗೂ ಪ್ರಶ್ನಿಸುವ ಕೌಶಲದ ಪಾಠದಲ್ಲಿ ಬರುತ್ತದೆ. ಕಾಯುವ ಅವಧಿ 3 ಸೆಕೆಂಡ್ ಅಥವಾ ಹೆಚ್ಚಾದಾಗ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರವಿಲ್ಲದೆ ಸುಮ್ಮನಿರುವುದು ಕಡಿಮೆಯಾಗುತ್ತದೆ, ಹಿಂದುಳಿದವರೆಂದು ಶಿಕ್ಷಕರು ಎಣಿಸಿದ ಮಕ್ಕಳೂ ಮಾತಾಡುತ್ತಾರೆ ಎಂಬುದು ಅವರ ಮುಖ್ಯ ಫಲಿತಾಂಶ. ನಮ್ಮ ಸಹಪಾಠಿಯ ಪಾಠದಲ್ಲಿ ಅತ್ಯುತ್ತಮವಾದ ಭಾಗ ಆ 6 ಸೆಕೆಂಡ್. ವಿಡಿಯೊದಲ್ಲಿ ಇಲ್ಲದೇ ಹೋದದ್ದೂ ಅದೇ.

ಹಿಂಬದಿಯ ಫೋನಿನಲ್ಲಿ ಆ ಹೊತ್ತು ಬರೀ ಮೌನ. ಬೆಂಚಿನ ಮೇಲಿದ್ದ ಫೋನಿನಲ್ಲಿ ಮಾತ್ರ ಒಂದು ಪಿಸುಮಾತು ಇತ್ತು. ಎದ್ದು ಉತ್ತರ ಹೇಳಿದ ಹುಡುಗಿಯ ಪಕ್ಕದಲ್ಲಿ ಕುಳಿತವಳು ತೆಲುಗಿನಲ್ಲಿ ಗೆಳತಿಗೆ ಹೇಳುತ್ತಿದ್ದಳು: “ಅದುರುತಾ ಉಂದಿ, ಪಟ್ಟುಕುಂಟೆ ನಿಲಿಚಿಪೋತುಂದಿ.” ಅದುರುತ್ತಾ ಇದೆ, ಹಿಡಿದುಕೊಂಡರೆ ನಿಂತುಹೋಗುತ್ತದೆ ಎಂದು. ಮರುಕ್ಷಣ ಗೆಳತಿ ಎದ್ದು ಕನ್ನಡದಲ್ಲಿ “ಅದುರೋದು ನಿಂತೋಯ್ತು ಮಿಸ್, ಅದಕ್ಕೆ” ಎಂದಳು. ಶಿಕ್ಷಕಿ ಅವಳಿಗೆ ಶಹಬ್ಬಾಸ್ ಎಂದಳು. ಹೇಳಿಕೊಟ್ಟವಳ ಬಗ್ಗೆ ಸಹಪಾಠಿ ಅವಲೋಕನದಲ್ಲಿ ಹೀಗೆ ಬರೆದಿತ್ತು: “ಎರಡನೆಯ ಸಾಲು, ಕೊನೆಯ ವಿದ್ಯಾರ್ಥಿನಿ: ಚಟುವಟಿಕೆಯಲ್ಲಿ ಭಾಗವಹಿಸಲಿಲ್ಲ.” ಹಿಂದಿನ ಗೋಡೆಯ ಬಳಿ ಕುಳಿತವರಿಗೆ ಕಂಡದ್ದು ಅಷ್ಟೇ. ಅಲ್ಲಿ ಯಾರು ಕುಳಿತಿದ್ದರೂ ಅಷ್ಟೇ ಕಾಣುತ್ತಿತ್ತು.

ನಮ್ಮ ಭಾಗದ ಶಾಲೆಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಂಧ್ರದ ಗಡಿ ದೂರವಿಲ್ಲ. ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ನಮ್ಮ ಮನೆಯಲ್ಲೂ ಹಾಗೆಯೇ. ಅದರಿಂದಲೇ ಆ ಪಿಸುಮಾತು ನನಗೆ ಮಾತಾಗಿ ಕೇಳಿಸಿತು. ಸಂಕಲನ ಮಾಡಿದ ಗೆಳೆಯರು ಹಾವೇರಿ ಕಡೆಯವರು. ಅವರಿಗೆ ಕೇಳಿಸಿದಾಗ, “ನನಗಿದು ಬರೇ ಗದ್ಲ ಅನ್ನಿಸಿತ್ತು ನೋಡ್ರಿ” ಎಂದು ಮತ್ತೆ ಮತ್ತೆ ಹಾಕಿಸಿ ಕೇಳಿದರು.

ಫ್ಲಾಂಡರ್ಸ್ ಪಟ್ಟಿಯನ್ನು ಮತ್ತೆ ತುಂಬಿದಾಗ ಇನ್ನೊಂದು ವಿಷಯ ಗಮನಕ್ಕೆ ಬಂತು. ಆ 6 ಸೆಕೆಂಡಿಗೆ ಎರಡು ದಾಖಲೆ. ಎರಡೂ 10ನೆಯ ವರ್ಗಕ್ಕೆ, ಅಂದರೆ ‘ಮೌನ ಅಥವಾ ಗೊಂದಲ’ಕ್ಕೆ ಹೋಗುತ್ತವೆ. ಶಿಕ್ಷಕಿಯ ಕಾಯುವಿಕೆ, ಆ ಹುಡುಗಿಯ ವಿವರಣೆ, ನಿಜವಾದ ಗದ್ದಲ ಎಲ್ಲವೂ ಅಲ್ಲಿ ಒಂದೇ ಅಂಕಿ. ಪಟ್ಟಿಯನ್ನು ದೂರಬೇಕಾಗಿಲ್ಲ, ಇಡೀ ತರಗತಿಯ ಮಾತಿನ ಹರಿವನ್ನು ಎಣಿಸಲು ಅದು ಆಗಿದ್ದು. 10 ಎಂದು ಬರೆದ ಜಾಗಗಳಿಗೆ ಮತ್ತೊಮ್ಮೆ ಹೋಗಿ ಮೂಲ ಸದ್ದನ್ನು ಕೇಳಬೇಕು ಎಂದು ಮೇಡಂ ಅಂದು ನಮ್ಮೆಲ್ಲರಿಗೂ ಹೇಳಿದರು. ಎಣಿಕೆ ಮುಗಿದ ಮೇಲೆ ಕೇಳಿಸಿಕೊಳ್ಳುವ ಕೆಲಸ ಇರುತ್ತದೆ.

ಸದ್ದು ಮರಳಿಸುವಾಗ ಎಲ್ಲವನ್ನೂ ಮರಳಿಸಲಿಲ್ಲ. ಬೆಂಚಿನ ಫೋನಿನಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಮಾತೂ ಇತ್ತು. ಇಬ್ಬರು ಮಕ್ಕಳು ಮನೆಯ ಒಂದು ವಿಚಾರವನ್ನು ಮೆಲ್ಲಗೆ ಹೇಳಿಕೊಂಡಿದ್ದರು. ಫೋನು ಇದೆ ಎಂದು ಅವರಿಗೆ ಮೊದಲೇ ಹೇಳಿದ್ದೆವು, ಆದರೆ ಮಕ್ಕಳು ಅದನ್ನು ಹತ್ತು ನಿಮಿಷಕ್ಕೇ ಮರೆತಿರುತ್ತಾರೆ. ಪೋಷಕರು ಒಪ್ಪಿದ್ದು ಪಾಠದ ಚಿತ್ರೀಕರಣಕ್ಕೆ. ಆ ಭಾಗವನ್ನು ಯಾವ ಪ್ರತಿಯಲ್ಲೂ ಉಳಿಸಲಿಲ್ಲ. ತೆಲುಗಿನ ಪಿಸುಮಾತನ್ನು ಕಾಲೇಜಿನಲ್ಲಿ ಕೇಳಿಸುವ ಮೊದಲು ಆ ಹುಡುಗಿಗೇ ಕೇಳಿಸಿ, ಕೇಳಿಸಬಹುದೇ ಎಂದು ಕೇಳಿದೆ. ಅವಳು ಹೂಂ ಎನ್ನುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ತೆಲುಗಲ್ಲಿ ಹೇಳಿದ್ರೆ ತಪ್ಪಾ ಮಿಸ್?” ತಪ್ಪಿಲ್ಲ, ನೀನು ಹೇಳಿದ್ದು ಸರಿಯಾಗಿದೆ ಎಂದೆ.

ಸಿನಿಮಾದಲ್ಲಿ ಇದೇ ಪ್ರಶ್ನೆಗೆ ಬೇರೆ ರೀತಿಯ ಉತ್ತರ ಇದೆ. ಕನ್ನಡ ಚಿತ್ರಗಳಲ್ಲಿ ಮಾತನ್ನು ನಂತರ ಸ್ಟುಡಿಯೊದಲ್ಲಿ ಡಬ್ ಮಾಡುವುದು ಬಹುಕಾಲದಿಂದ ರೂಢಿ. ರಾಮ್ ರೆಡ್ಡಿ ಅವರ ‘ತಿಥಿ’ ಚಿತ್ರದಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಿನ ಜನರೇ ನಟಿಸಿದರು; ಅವರ ಮಾತನ್ನು ಚಿತ್ರೀಕರಣದ ಜಾಗದಲ್ಲೇ ದಾಖಲಿಸಲಾಯಿತು. ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಆ ಜನರ ಮಾತಿನ ಧಾಟಿಯನ್ನು ತೆಗೆದು ಶಿಷ್ಟ ಕನ್ನಡ ಹಾಕಿದ್ದರೆ ಅದು ಆ ಊರಿನ ಚಿತ್ರವಾಗಿ ಉಳಿಯುತ್ತಿರಲಿಲ್ಲ. ಪಾಠದ ವಿಡಿಯೊ ಸಿನಿಮಾ ಅಲ್ಲ, ಆದರೆ ಯಾರ ಮಾತನ್ನು ಯಾರ ಧ್ವನಿಯಲ್ಲಿ ಕೇಳಿಸುತ್ತೇವೆ ಎಂಬ ಪ್ರಶ್ನೆ ಅಲ್ಲೂ ಇದೆ, ಇಲ್ಲೂ ಇದೆ.

ಹಿಮ್ಮಾಹಿತಿ ಸಭೆಯ ನಂತರ ಅವಲೋಕನ ಪಟ್ಟಿಯ ಆ ಸಾಲನ್ನು ತಿದ್ದಲಾಯಿತು. ಮುಂದಿನ ಪಾಠದಲ್ಲಿ ನಮ್ಮ ಸಹಪಾಠಿ ‘ಕಂಪನ’ ಎಂಬ ಪದದಿಂದ ಆರಂಭಿಸಲಿಲ್ಲ. ಮೊದಲು ‘ಅದುರು’ ಎಂದು ಹಲಗೆಯ ಮೇಲೆ ಬರೆದಳು. ಕನ್ನಡದಲ್ಲೂ ತೆಲುಗಿನಲ್ಲೂ ಅದೇ ಮಾತು, ಎರಡೂ ಬಗೆಯ ಮನೆಗಳ ಮಕ್ಕಳಿಗೆ ಗೊತ್ತಿರುವುದು. ಅದರ ಮುಂದೆ ‘ಕಂಪನ’ ಎಂದು ಬರೆದು, ಪುಸ್ತಕದಲ್ಲಿ ಇದಕ್ಕೆ ಹೀಗೆ ಹೇಳುತ್ತಾರೆ ಎಂದಳು. ಒಂದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬುದೇ ಆವೃತ್ತಿ ಎಂದು ವಿವರಿಸಲು ಆಮೇಲೆ ಕಷ್ಟವಾಗಲಿಲ್ಲ.

ಮುಂದಿನ ತಂಡಗಳಿಗೆ ನಮ್ಮ ಕಡೆಯಿಂದ ಕೆಲವು ಸಲಹೆಗಳು. ಪಾಠದ ವಿಡಿಯೊ ಎರಡು ಪ್ರತಿಗಳಲ್ಲಿರಲಿ: ಸಭೆಯಲ್ಲಿ ತೋರಿಸಲು ಚಿಕ್ಕದೊಂದು, ವಿಶ್ಲೇಷಣೆಗೆ ಮೂಲ ಸದ್ದಿನ ಪೂರ್ಣ ಪ್ರತಿ ಇನ್ನೊಂದು. ಫೋನಿನಿಂದ ಬಂದ ಕ್ಲಿಪ್ಪುಗಳನ್ನು ಹೆಸರನ್ನೂ ಬದಲಿಸದೆ ಬೇರೆ ಫೋಲ್ಡರಿನಲ್ಲಿ ಇಡಿ, ಹಿಮ್ಮಾಹಿತಿ ಮುಗಿಯುವವರೆಗೆ ಅಳಿಸಬೇಡಿ. ಪ್ರಾಜೆಕ್ಟ್ ಫೈಲನ್ನೂ ಜೊತೆಗಿಡಿ. ಪಾಠದ ಆರಂಭದಲ್ಲೂ ಕೊನೆಯಲ್ಲೂ ಒಮ್ಮೆ ಚಪ್ಪಾಳೆ ತಟ್ಟಿ, ಧ್ವನಿ ಹೊಂದಿಸಲು ಅದು ಸಾಕು. ವಿವರಣೆ ಹಾಕಲೇಬೇಕಿದ್ದರೆ ಬೇರೆ ಪಟ್ಟಿಯಲ್ಲಿ ಹಾಕಿ, ಕೆಳಗಿನ ಮೂಲ ಸದ್ದನ್ನು ತಗ್ಗಿಸಿ, ತೆಗೆಯಬೇಡಿ. ಮಕ್ಕಳು ಬೇರೆ ಭಾಷೆಯಲ್ಲಿ ಮಾತಾಡಿದ ಕಡೆ ಅವರ ಧ್ವನಿ ಉಳಿಸಿ ಕೆಳಗೆ ಕನ್ನಡದಲ್ಲಿ ಅರ್ಥ ಬರೆಯಿರಿ. ಪ್ರಶ್ನೆಯ ನಂತರದ ಮೌನವನ್ನು ಕತ್ತರಿಸುವ ಮುನ್ನ ಬೆಂಚಿನ ಹತ್ತಿರದ ಧ್ವನಿಯನ್ನು ಒಮ್ಮೆ ಕೇಳಿ. ನಿಮ್ಮ ತಂಡದಲ್ಲಿ ಆ ಊರಿನ ಮಾತು ಬಲ್ಲವರು ಇಲ್ಲದಿದ್ದರೆ, ಶಾಲೆಯ ಶಿಕ್ಷಕರಲ್ಲಿ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು ಕೇಳಿ.